ಒಂದು ಬಡಾವಣೆ, ಎರಡು ಸಕ್ಕರೆ

ಅಪ್ಪ ನಮ್ಮ ಮನೆಗೆ ಮೊದಲ ಸಲ ಬಂದದ್ದು ಒಂದು ಅಕ್ಟೋಬರ್ ತಿಂಗಳ ಕೊನೆಗೆ. ವಿಮಾನ ನಿಲ್ದಾಣದಿಂದ ದಾರಿಯುದ್ದಕ್ಕೂ ಕಾರಿನ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರು, ಎ14 ಹೆದ್ದಾರಿಯಲ್ಲಿ ನಮ್ಮ ಊರು ಹತ್ತಿರವಾಗುತ್ತಿದ್ದಂತೆ ಕಣ್ಣು ಬಿಡದೆಯೇ ಮೂಗು ಅರಳಿಸಿ, "ಕಾರ್ಖಾನೆ ಶುರುವಾಗಿದೆ" ಎಂದರು. ಅರೆನಿದ್ದೆಯಲ್ಲಿ ಮಂಡ್ಯಕ್ಕೆ ಬಂದೆವೆಂದುಕೊಂಡಿದ್ದರೇನೋ. ಕಣ್ಣು ಬಿಟ್ಟಾಗ ಕಂಡದ್ದು ಬಿಳಿಯ ಹಬೆ ಉಗುಳುವ ಚಿಮಣಿ, ಅದರ ಪಕ್ಕಕ್ಕೆ ಕಾಂಕ್ರೀಟಿನ ದೈತ್ಯ ಕಣಜಗಳು. ಕಾರ್ಖಾನೆ ನಿಜವಾಗಿಯೂ ಶುರುವಾಗಿತ್ತು. ಮಂಡ್ಯದ್ದಲ್ಲ, ಬೆರಿ ಸೇಂಟ್ ಎಡ್ಮಂಡ್ಸ್‌ನದು.

ಇಂಗ್ಲೆಂಡಿನ ಪೂರ್ವಕ್ಕೆ, ಸಫೊಕ್ ಜಿಲ್ಲೆಯಲ್ಲಿರುವ ಈ ಊರಿನಲ್ಲಿ ನಲವತ್ತು ಸಾವಿರದಷ್ಟು ಜನರಿದ್ದಾರೆ. ಬುಧವಾರ, ಶನಿವಾರ ಸಂತೆ. ಇಲ್ಲಿಯ ಸಕ್ಕರೆ ಕಾರ್ಖಾನೆ ಕಬ್ಬಿನದಲ್ಲ, ಬೀಟಿನದು. ತರಕಾರಿ ಅಂಗಡಿಯ ಕೆಂಪು ಬೀಟ್‌ರೂಟ್ ಅಲ್ಲ, ಅದರ ದಾಯಾದಿಯಾದ ಬಿಳಿಯ ಗಡ್ಡೆ. ಸೆಪ್ಟೆಂಬರಿನಲ್ಲಿ ಹಂಗಾಮು ಶುರುವಾದರೆ ಫೆಬ್ರುವರಿಯ ತನಕ ಹಗಲು ರಾತ್ರಿ ನಿಲ್ಲದು. ಆ ತಿಂಗಳುಗಳಲ್ಲಿ ಗಾಳಿ ನಮ್ಮ ಕಡೆ ತಿರುಗಿದ ದಿನ, ಬೇಯುವ ಮೂಲಂಗಿ, ಸೀದ ಕಡಲೆಕಾಯಿ, ಒದ್ದೆ ಮಣ್ಣು ಎಲ್ಲ ಕಲಸಿದಂಥ ವಾಸನೆ ಬಡಾವಣೆಯ ಮೇಲೆ ಬಂದು ಕೂರುತ್ತದೆ. ಅಕ್ಕಪಕ್ಕದವರು ಕಿಟಕಿ ಮುಚ್ಚುತ್ತಾರೆ. ನಾನು ತೆರೆಯುತ್ತೇನೆ. ಮಂಡ್ಯದ ಕಾಕಂಬಿಯ ವಾಸನೆ ಇದಕ್ಕಿಂತ ಹುಳಿ, ಇದಕ್ಕಿಂತ ದಪ್ಪ. ಎರಡೂ ಒಂದೇ ಅಲ್ಲವೆಂದು ನನ್ನ ಮೂಗಿಗೆ ಚೆನ್ನಾಗಿ ಗೊತ್ತು. ಆದರೂ ಮೊದಲ ವರ್ಷದ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಯಾವ ಮುನ್ಸೂಚನೆಯೂ ಇಲ್ಲದೆ ಅದು ಅಡುಗೆಮನೆಯೊಳಗೆ ಬಂದಾಗ, ಕೈಯಲ್ಲಿದ್ದ ಸೌಟನ್ನು ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ನಾವಿರುವುದು ಮೋರ್ಟನ್ ಹಾಲ್ ಎಂಬ ಬಡಾವಣೆಯಲ್ಲಿ. ಹೆದ್ದಾರಿ ಊರನ್ನು ಸೀಳಿಕೊಂಡು ಹೋಗಿದೆ. ಪಶ್ಚಿಮಕ್ಕೆ ಹಳೆಯ ಊರು, ಪೂರ್ವಕ್ಕೆ ನಾವು. ಹಳೆಯ ಊರಿನವರು "ಎಲ್ಲಿದ್ದೀರಿ?" ಎಂದು ಕೇಳಿ, ನಾವು "ಮೋರ್ಟನ್ ಹಾಲ್" ಎಂದರೆ, "ಓ" ಎನ್ನುತ್ತಾರೆ. ಸಭ್ಯವಾದ, ಚಿಕ್ಕದಾದ "ಓ". ಅದರೊಳಗೆ ಒಂದು ಇಡೀ ವಾಕ್ಯ ಮಡಚಿ ಕುಳಿತಿದೆ: ಅದು ಊರಲ್ಲವಲ್ಲ, ಬರೀ ಮನೆಗಳು.

ಅವರು ಹೇಳುವುದರಲ್ಲಿ ಸುಳ್ಳೇನಿಲ್ಲ. ವಾಸ್ತುಶಿಲ್ಪಿ ರಾಬರ್ಟ್ ಆ್ಯಡಮ್ 1773ರಲ್ಲಿ ಕೇಂಬ್ರಿಜ್‌ನ ಪ್ರಾಧ್ಯಾಪಕ ಜಾನ್ ಸೈಮಂಡ್ಸ್‌ಗಾಗಿ ವಿನ್ಯಾಸ ಮಾಡಿದ ದೊಡ್ಡ ಮನೆಯೊಂದರ ಹೆಸರನ್ನು ಹೊತ್ತಿದ್ದೇವೆ ಎನ್ನುವುದನ್ನು ಬಿಟ್ಟರೆ, ನಮ್ಮಲ್ಲಿ ತೋರಿಸಲು ಹೆಚ್ಚೇನೂ ಇಲ್ಲ. ಇನ್ನೂ ಪೂರ್ವಕ್ಕೆ ಹೋದರೆ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್‌ಗಳು ಹಾರುತ್ತಿದ್ದ ರೌಗಮ್ ವಿಮಾನ ನೆಲೆ ಇತ್ತು. ಈಗ ಆ ಕಡೆ ಗೋದಾಮುಗಳಿವೆ. ಬಡಾವಣೆಯ ರಸ್ತೆಗಳೆಲ್ಲ ಬೇಕೆಂದೇ ಬಳುಕುತ್ತವೆ. ಒಂದೇ ಬಣ್ಣದ ಇಟ್ಟಿಗೆ, ಒಂದೇ ಎತ್ತರದ ಮಾಡು. ಬಂದ ಹೊಸದರಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ನನ್ನ ಗಂಡ ಬೇರೆಯವರ ಬಾಗಿಲಿಗೆ ಕೀಲಿ ತಿರುಗಿಸುತ್ತ ನಿಂತಿದ್ದರು. ಒಳಗಿನಿಂದ ಬಾಗಿಲು ತೆರೆದ ಮನುಷ್ಯ ಗಾಬರಿಯಾಗಲಿಲ್ಲವಂತೆ. "ನಿಮ್ಮದು ಮುಂದಿನ ತಿರುವು" ಎಂದು ಕೈತೋರಿಸಿ ಮತ್ತೆ ಮಲಗಲು ಹೋದನಂತೆ.

ನನಗೆ ಹೆಚ್ಚು ಕಾಡಿದ್ದು ಕಾಂಪೌಂಡ್ ಗೋಡೆ ಇಲ್ಲದಿರುವುದು. ಮನೆಯ ಕ್ರಯಪತ್ರದಲ್ಲಿ ಒಂದು ಷರತ್ತಿದೆ: ಮನೆಯ ಮುಂದೆ ಬೇಲಿಯನ್ನಾಗಲಿ ಗೋಡೆಯನ್ನಾಗಲಿ ಹಾಕತಕ್ಕದ್ದಲ್ಲ. ಸೈಟು ಕೊಂಡ ಮರುದಿನವೇ ನಾಲ್ಕು ಮೂಲೆಗೆ ಕಲ್ಲು ನೆಟ್ಟು, ಮನೆಗಿಂತ ಮೊದಲು ಕಾಂಪೌಂಡ್ ಎಬ್ಬಿಸುವ ನಾಡಿನಿಂದ ಬಂದವಳು ನಾನು. ನಮ್ಮ ಹುಲ್ಲು ಎಲ್ಲಿಗೆ ಮುಗಿಯಿತು, ಪಕ್ಕದವರದು ಎಲ್ಲಿಂದ ಶುರು ಎಂದು ತಿಳಿಯದೆ ಎರಡು ಬೇಸಿಗೆ ಹುಲ್ಲು ಕತ್ತರಿಸಿದೆ. ಮೂರನೆಯ ಬೇಸಿಗೆಯಲ್ಲಿ ಪಕ್ಕದ ಮನೆಯಾಕೆ ಹೇಳಿದರು: ನಾನು ಪ್ರತಿ ಸಲವೂ ಅವರ ಜಾಗದಲ್ಲಿ ಒಂದು ಗಜ ಹೆಚ್ಚು ಕತ್ತರಿಸುತ್ತಿದ್ದೆನಂತೆ. "ನೀವು ತುಂಬ ಒಳ್ಳೆಯವರು ಎಂದುಕೊಂಡಿದ್ದೆ" ಎಂದು ನಕ್ಕರು. ಎಂಬತ್ತರ ಹತ್ತಿರದ ಹೆಂಗಸು. ಒಂದು ವಾರ ಕಪ್ಪು ಡಬ್ಬ, ಮರುವಾರ ನೀಲಿ ಡಬ್ಬ ಎಂಬ ಇಲ್ಲಿಯ ಕಸದ ಪಂಚಾಂಗವನ್ನು ನನಗೆ ಕಲಿಸಿದವರು ಅವರೇ. ಅವರ ಡಬ್ಬ ಹೊರಗೆ ಬಂತೆಂದರೆ ಇಡೀ ಬೀದಿಯ ಡಬ್ಬಗಳು ಹೊರಗೆ ಬರುತ್ತವೆ.

ಹಳೆಯ ಊರಿನ "ಓ" ನನಗೆ ಸ್ವಲ್ಪ ನಾಟಿತ್ತು ಎಂದೇ ಇಟ್ಟುಕೊಳ್ಳಿ. ಅದಕ್ಕೇ ಆ ಊರು ಹೇಗೆ ಊರಾಯಿತು ಎಂದು ಓದತೊಡಗಿದೆ.

ಊರಿನ ನಡುವೆ ಇರುವ ಅಬೆ, ನಮ್ಮ ಮಾತಿನಲ್ಲಿ ಹೇಳುವುದಾದರೆ, ಮಠ. 869ರಲ್ಲಿ ಡೇನರು ಕೊಂದ ಎಡ್ಮಂಡ್ ಎಂಬ ದೊರೆಯ ದೇಹವನ್ನು ಇಲ್ಲಿಟ್ಟು ಪೂಜಿಸಿದರು. ಅವನ ಕತ್ತರಿಸಿದ ತಲೆಯನ್ನು ತೋಳವೊಂದು ಕಾದಿತ್ತೆಂಬ ಐತಿಹ್ಯವಿದೆ. 1020ರಲ್ಲಿ ಸನ್ಯಾಸಿಗಳ ಮಠವಾಯಿತು. ಆಮೇಲೆ ಬಾಲ್ಡ್ವಿನ್ ಎಂಬ ಮಠಾಧಿಪತಿ ಬಂದ. ಫ್ರಾನ್ಸಿನವನು, ದೊರೆಗಳಿಗೆ ಔಷಧ ಕೊಡುತ್ತಿದ್ದ ವೈದ್ಯ. ಅವನು ಮಠದ ಮುಂದಿನ ಹೊಲಗಳಲ್ಲಿ ನೇರ ಬೀದಿಗಳನ್ನು ಎಳೆಸಿ ಚದುರಂಗದ ಮಣೆಯ ಹಾಗೆ ಹೊಸ ಪೇಟೆಯನ್ನೇ ಕಟ್ಟಿಸಿದ. 1086ರಲ್ಲಿ ಇಂಗ್ಲೆಂಡಿನ ದೊರೆ ಮಾಡಿಸಿದ ಡೂಮ್ಸ್‌ಡೇ ಎಂಬ ಭೂದಾಖಲೆ ಅದನ್ನು ಚೊಕ್ಕವಾಗಿ ಹೇಳುತ್ತದೆ: ಹಿಂದಿನ ದೊರೆಯ ಕಾಲದಲ್ಲಿ ಉಳುಮೆಯಾಗುತ್ತಿದ್ದ ನೆಲದ ಮೇಲೆ ಈಗ 342 ಮನೆಗಳಿವೆ.

ಇದನ್ನು ಓದಿ ನಾನು ಒಬ್ಬಳೇ ಗಟ್ಟಿಯಾಗಿ ನಕ್ಕೆ. ವ್ಯವಸಾಯದ ಜಮೀನು, ಭೂಪರಿವರ್ತನೆ, 342 ಸೈಟು! ಬೆಂಗಳೂರಿನ ಹೊರವಲಯದಲ್ಲಿ ನಿಂತು ನೋಡಿದವರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರವಾಸಿಗರು ಫೋಟೋ ತೆಗೆಯುವ ಚರ್ಚ್‌ಗೇಟ್ ಬೀದಿ, ಅಬೆಗೇಟ್ ಬೀದಿ, ಹ್ಯಾಟರ್ ಬೀದಿಗಳ ಸಾಲು ಒಂಬೈನೂರು ವರ್ಷ ಹಳೆಯದಾದ ಬಡಾವಣೆ. ಅದನ್ನು ಮಾಡಿಸಿದವನು ಪರದೇಶದಿಂದ ಬಂದ ವೈದ್ಯ. ಇವತ್ತು ಮೋರ್ಟನ್ ಹಾಲಿನ ಬಳುಕು ಬೀದಿಗಳಲ್ಲಿ ಕೇರಳದ, ಫಿಲಿಪ್ಪೀನ್ಸಿನ, ಕರ್ನಾಟಕದ ದಾದಿಯರೂ ವೈದ್ಯರೂ ಮನೆ ಮಾಡಿಕೊಂಡಿದ್ದಾರೆ. ಬಾಲ್ಡ್ವಿನ್ ಕಾಲದಲ್ಲಿ ಆ 342 ಮನೆಗಳವರಿಗೂ ಯಾರೋ ಒಬ್ಬ ಹಳೆಯ ಒಕ್ಕಲು "ಓ" ಎಂದಿರಲೇಬೇಕು.

ಹೊರಗಿನವರಿಗೆ ಈ ಊರು ಯಾವಾಗಲೂ ಬರೀ "ಓ" ಎಂದು ಸುಮ್ಮನಾಗಿದ್ದೂ ಇಲ್ಲ. 1190ರಲ್ಲಿ ಇಲ್ಲಿ 57 ಮಂದಿ ಯಹೂದಿಗಳನ್ನು ಕೊಂದರು. ಉಳಿದವರನ್ನು ಅದೇ ವರ್ಷ ಮಠಾಧಿಪತಿ ಊರು ಬಿಡಿಸಿದ. ಚೆಂದದ ಬೀದಿಗಳಲ್ಲಿ ನಡೆಯುವಾಗ ಅದೂ ಕಾಲಿಗೆ ತಗಲುತ್ತದೆ.

ಮಠಕ್ಕೂ ಪೇಟೆಯವರಿಗೂ ಕೂಡ ಹೊಂದಿಕೆಯಿರಲಿಲ್ಲ. ಸಂತೆಯ ಸುಂಕ, ಅಂಗಡಿ ಬಾಡಿಗೆ, ನ್ಯಾಯ ತೀರ್ಮಾನ ಎಲ್ಲವೂ ಮಠದ ಕೈಯಲ್ಲಿ. 1327ರಲ್ಲಿ ಪೇಟೆಯವರು ತಿರುಗಿಬಿದ್ದು ಮಠವನ್ನು ಲೂಟಿ ಮಾಡಿದರು. ಈಗ ಉದ್ಯಾನದ ಬಾಗಿಲಾಗಿ ನಿಂತಿರುವ ಭಾರಿ ಕಲ್ಲಿನ ದ್ವಾರ ಆ ದೊಂಬಿಯ ನಂತರ ಕಟ್ಟಿಸಿದ್ದು. ಭಕ್ತರನ್ನು ಬರಮಾಡಿಕೊಳ್ಳುವ ಬಾಗಿಲಿನಲ್ಲಿ ಬಾಣ ಬಿಡಲು ಸಂದುಗಳಿವೆ. 1539ರಲ್ಲಿ ಎಂಟನೆಯ ಹೆನ್ರಿ ಮಠವನ್ನು ಮುಚ್ಚಿಸಿದ. ಆಗ ಊರಿನವರು ಮಾಡಿದ್ದು ನಮ್ಮವರೂ ಮಾಡುತ್ತಿದ್ದ ಕೆಲಸವೇ: ಕಲ್ಲುಗಳನ್ನು ಕಿತ್ತು ಮನೆಗೆ ಹೊತ್ತರು. ಮಹಾಚರ್ಚಿನ ಪಶ್ಚಿಮ ಮುಖದ ಮುರಿದ ಕಮಾನುಗಳೊಳಗೇ ಆಮೇಲೆ ಯಾರೋ ಮನೆ ಕಟ್ಟಿಕೊಂಡರು. ಗೂಡಿನಿಂದ ಇಣುಕುವ ಗಿಳಿಗಳ ಹಾಗೆ ಆ ಮನೆಗಳ ಕಿಟಕಿಗಳು ಇಂದಿಗೂ ಇಣುಕುತ್ತಿವೆ. 2011ರಲ್ಲಿ ಹಂಪಿಯ ಸಾಲುಮಂಟಪಗಳಲ್ಲಿ ಬದುಕುತ್ತಿದ್ದವರನ್ನು ಎಬ್ಬಿಸಿದ್ದು ನೆನಪಾಗುತ್ತದೆ. ಇಲ್ಲಿ ಹಾಗೆ ಸೇರಿಕೊಂಡವರ ಮನೆಗಳೇ ಈಗ ಪಾರಂಪರಿಕ ಕಟ್ಟಡಗಳು. ಯಾವುದು ಸರಿ ಎಂದು ನಾನು ಹೇಳಲಾರೆ. ಆದರೆ ಒತ್ತುವರಿಗೂ ಪರಂಪರೆಗೂ ನಡುವೆ ಕೆಲವು ನೂರು ವರ್ಷಗಳ ಅಂತರವಷ್ಟೇ ಇದೆ ಎನ್ನುವ ಅನುಮಾನ ನನ್ನದು.

ಅಪ್ಪನಿಗೆ ಇದಾವುದೂ ಬೇಕಿರಲಿಲ್ಲ. ಅವರಿಗೆ ಬೇಕಾದದ್ದು ಎರಡೇ: ಸಂತೆ ಮತ್ತು ಬೀಟಿನ ಹೊಲ.

ಸಂತೆಗೆ ನಡೆದೇ ಹೋದೆವು. ಹೆದ್ದಾರಿ ದಾಟಿ, ಈಸ್ಟ್‌ಗೇಟ್ ಬೀದಿ ಹಿಡಿದು, ಲಾರ್ಕ್ ಹೊಳೆಯ ಪಕ್ಕ ಬಂದರೆ ಸುಮಾರು ನಲವತ್ತು ನಿಮಿಷ. ಹೊಳೆಯನ್ನು ನೋಡಿ ಅಪ್ಪ, "ನಮ್ಮ ವಿ.ಸಿ. ನಾಲೆಯ ಒಂದು ತೂಬು ಬಿಟ್ಟರೆ ಇದಕ್ಕಿಂತ ಜಾಸ್ತಿ ನೀರು ಹರಿಯುತ್ತದೆ" ಎಂದರು. ಪೇಟೆ ಹೊಕ್ಕಾಗ ಇನ್ನೊಂದು ವಾಸನೆ. ಬಿಯರ್ ತಯಾರಿಸುವವರು ಮೊಳಕೆ ಬಾರ್ಲಿಯನ್ನು ಬೇಯಿಸುತ್ತಿದ್ದರು. ಅಪ್ಪ ಅದನ್ನು ರಾಗಿ ಹುರಿಹಿಟ್ಟು ಎಂದು ತೀರ್ಮಾನಿಸಿದರು. ನಾನು ತಿದ್ದಲಿಲ್ಲ.

ಸಂತೆ ಅವರಿಗೆ ಒಗ್ಗಿತು. ಕಾರ್ನ್‌ಹಿಲ್ ಮತ್ತು ಬಟರ್‌ಮಾರ್ಕೆಟ್ ಎಂಬ ಎರಡು ಜಾಗಗಳಲ್ಲಿ, ಪಟ್ಟೆಪಟ್ಟೆಯ ಬಟ್ಟೆಯ ಸೂರಿನಡಿ ಮೀನು, ಬ್ರೆಡ್ಡು, ಹೂವಿನ ಸಸಿ, ಮೊಬೈಲ್ ಕವರು. ತರಕಾರಿಯವನು ಟೊಮೆಟೊಗಳನ್ನು ತಗಡಿನ ಬೋಗುಣಿಗಳಲ್ಲಿ ತುಂಬಿಟ್ಟು, ಬೋಗುಣಿಗಿಷ್ಟು ಎಂದು ಕೂಗುತ್ತಿದ್ದ. ಅಪ್ಪ ನಿಂತುಬಿಟ್ಟರು. "ಗುಡ್ಡೆ ಲೆಕ್ಕ!" ತೂಕವಿಲ್ಲ, ತಕ್ಕಡಿಯಿಲ್ಲ, ಮೇಲಿನ ಸಾಲಿನಲ್ಲಿ ಚೆಂದದ್ದು, ಅಡಿಯಲ್ಲಿ ಸ್ವಲ್ಪ ಮೆತ್ತಗಿನದು. ಬೋಗುಣಿಯನ್ನು ಎತ್ತಿ, ಕೈಯಾಡಿಸಿ, ಅಡಿಯದನ್ನು ಮೇಲಕ್ಕೆ ತಂದು ವ್ಯಾಪಾರಿಯ ಮುಖ ನೋಡಿದರು. ಅವನೂ ಇವರ ಮುಖ ನೋಡಿದ. ಇಬ್ಬರಿಗೂ ಒಂದಕ್ಷರ ಪರಸ್ಪರ ಅರ್ಥವಾಗದೆ ವ್ಯವಹಾರ ಮುಗಿಯಿತು. ಎರಡು ಟೊಮೆಟೊ ಹೆಚ್ಚಿಗೆ ಬಿದ್ದವು. ನಾನು ಐದು ವರ್ಷ ಅದೇ ಅಂಗಡಿಗೆ ಹೋಗಿ ಅಡಿಯ ಮೆತ್ತಗಿನದನ್ನು ಮರ್ಯಾದೆಯಿಂದ ಮನೆಗೆ ತಂದವಳು.

ಬೀಟಿನ ಹೊಲ ನೋಡಲು ಕಾರಿನಲ್ಲಿ ಊರಿನಾಚೆ ಹೋದೆವು. ಕಿತ್ತ ಗಡ್ಡೆಗಳನ್ನು ಹೊಲದಂಚಿನಲ್ಲಿ ಉದ್ದಕ್ಕೆ ಏರಿ ಹಾಕಿದ ಹಾಗೆ ರಾಶಿ ಮಾಡಿದ್ದರು. ದಾರಿಯ ವೃತ್ತದಲ್ಲಿ ಲಾರಿಯಿಂದ ಉರುಳಿ ಬಿದ್ದಿದ್ದ ಒಂದು ಗಡ್ಡೆಯನ್ನು ಅಪ್ಪ ಎತ್ತಿಕೊಂಡರು. ಚಿಕ್ಕವರಿದ್ದಾಗ ನಾವು ಕಬ್ಬಿನ ಗಾಡಿಯ ಹಿಂದೆ ಓಡಿ ಜಲ್ಲೆ ಎಳೆದುಕೊಳ್ಳುತ್ತಿದ್ದೆವು. ಅದಕ್ಕಾಗಿ ನನಗೆ ಬೆನ್ನ ಮೇಲೆ ಬಿದ್ದ ಏಟು ಇವರದೇ. ಈಗ ಅವರೇ ಬೀಟನ್ನು ಕೋಟಿನ ಜೇಬಿಗೆ ತುರುಕುತ್ತಿದ್ದರು. ಮನೆಗೆ ತಂದು ತೊಳೆದು, ಕೊಯ್ದು, ಹೋಳು ಬಾಯಿಗಿಟ್ಟರು. ಸ್ವಲ್ಪ ಹೊತ್ತು ಅಗಿದರು.

"ಸಿಹಿ ಇದೆ. ಆದರೆ ಸಂತೋಷ ಇಲ್ಲ."

ಬೀಟಿಗೆ ಇದಕ್ಕಿಂತ ನ್ಯಾಯವಾದ ವಿಮರ್ಶೆಯನ್ನು ನಾನು ಕೇಳಿಲ್ಲ. ಅದರ ತೂಕದಲ್ಲಿ ಶೇ. 17ರ ಆಸುಪಾಸು ಸಕ್ಕರೆ. ಆದರೆ ಜೊತೆಗೆ ಮಣ್ಣಿನ ಒಗರು, ಗಂಟಲಲ್ಲಿ ಒಂದು ಕೆರೆತ. ಕಬ್ಬಿನ ಹಾಲನ್ನು ಕಾಯಿಸಿದರೆ ಬೆಲ್ಲ. ಬೀಟಿನ ರಸವನ್ನು ಹಾಗೆಯೇ ಕಾಯಿಸಿದರೆ ದನವಷ್ಟೇ ಮೂಸಬಹುದಾದ ಒಂದು ಮುದ್ದೆ. ಬಿಳಿಯ ಹರಳಾಗುವವರೆಗೆ ಶುದ್ಧಿ ಮಾಡಿದರೆ ಮಾತ್ರ ಅದಕ್ಕೆ ಮುಕ್ತಿ. ಇಲ್ಲಿ ಬೀಟಿನ ಸಕ್ಕರೆಯನ್ನು ಕಂದು ಸಕ್ಕರೆ ಮಾಡಬೇಕಾದರೆ ಕಬ್ಬಿನ ಕಾಕಂಬಿಯನ್ನು ತಂದು ಸವರುತ್ತಾರೆ. ಈ ವಿಷಯ ಕೇಳಿ ಅಪ್ಪ ಎರಡು ದಿನ ಗೆದ್ದವರ ಹಾಗೆ ಓಡಾಡಿದರು.

ಕಾರ್ಖಾನೆಯ ಕೆಲಸದ ಬಗೆಯನ್ನು ವಿವರಿಸಿದವರು ಪಕ್ಕದ ಮನೆಯಾಕೆ. ಅವರ ದಿವಂಗತ ಪತಿ ಮೂವತ್ತು ಹಂಗಾಮು ಅಲ್ಲಿ ದುಡಿದಿದ್ದರು. ಅಷ್ಟೂ ವರ್ಷಗಳಲ್ಲಿ ಕ್ರಿಸ್‌ಮಸ್ ಊಟಕ್ಕೆ ಮನೆಯಲ್ಲಿದ್ದದ್ದು ಎಷ್ಟು ಸಲ ಎಂದು ಆಕೆ ಒಂದೇ ಕೈಯ ಬೆರಳುಗಳಲ್ಲಿ ಎಣಿಸಿ ತೋರಿಸಿದರು. ಗಾಣವಿಲ್ಲ, ಅರೆಯುವುದಿಲ್ಲ, ಗಡ್ಡೆಯನ್ನು ಎಳೆಎಳೆಯಾಗಿ ಹೆಚ್ಚಿ ಬಿಸಿನೀರಿನಲ್ಲಿ ಸಕ್ಕರೆ ಬಿಡಿಸುತ್ತಾರೆ, ಆ ನೀರಿಗೆ ಸುಣ್ಣ ಹಾಕಿ ಕೊಳೆ ತೆಗೆಯುತ್ತಾರೆ, ಕುದಿಸಿ ಹರಳು ಮಾಡುತ್ತಾರೆ. "ಹಾಗಾದರೆ ಇದು ಕಷಾಯ" ಎಂದರು ಅಪ್ಪ. ನಾನು ಅನುವಾದಿಸಿದೆ. ಆಕೆಗೆ ಆ ಮಾತು ಬಹಳ ಹಿಡಿಸಿತು. ಮಿಕ್ಕ ಚರಟ ದನಕ್ಕೆ. ಬೀಟ್ ತೊಳೆದಾಗ ಬಂದ ಮಣ್ಣನ್ನೂ ಬಿಡದೆ ತೋಟಗಳಿಗೆ ಮಾರುತ್ತಾರೆ. ನಮ್ಮ ಹಿತ್ತಲಿನಲ್ಲಿ ಹುಲ್ಲು ಕೆರೆದರೆ ಸಿಗುವುದು ಮನೆ ಕಟ್ಟಿದವರು ಬಿಟ್ಟುಹೋದ ಇಟ್ಟಿಗೆ ಚೂರು. ನಾನು ಕೊತ್ತಂಬರಿ ಬೆಳೆಯುವ ಪಾತಿಯ ಮಣ್ಣು ಹಾಗೆ ಬೀಟಿನ ಮೈಯಿಂದ ಕೊಂಡು ತಂದದ್ದು.

ಯೂರೋಪಿನವರು ಈ ಕಷಾಯಕ್ಕೆ ಕೈಹಾಕಿದ್ದೇ ಕಬ್ಬು ಸಿಗದ ಕಷ್ಟಕ್ಕೆ. ಬೀಟಿನಲ್ಲಿ ಸಕ್ಕರೆ ಇದೆಯೆಂದು 1747ರಲ್ಲಿ ಬರ್ಲಿನ್ನಿನ ಮಾರ್ಗ್‌ಗ್ರಾಫ್ ಕಂಡುಹಿಡಿದ. ಬ್ರಿಟನ್ನಿನ ನೌಕಾಪಡೆ ಫ್ರಾನ್ಸಿನ ದಾರಿ ಕಟ್ಟಿದಾಗ ನೆಪೋಲಿಯನ್ ಅದನ್ನು ಬೆಳೆಸಿದ. ಕೆರಿಬಿಯನ್ ದ್ವೀಪಗಳ ಸಕ್ಕರೆ ಧಾರಾಳವಾಗಿ ಬರುತ್ತಿದ್ದ ಬ್ರಿಟನ್ನಿಗೆ ಬುದ್ಧಿ ಬಂದದ್ದು ಮೊದಲ ಮಹಾಯುದ್ಧದಲ್ಲಿ ಸಕ್ಕರೆಗೆ ತತ್ವಾರವಾದ ಮೇಲೆ. 1925ರಲ್ಲಿ ಸರ್ಕಾರ ಸಹಾಯಧನದ ಕಾನೂನು ಮಾಡಿತು. ಬೆರಿಯ ಕಾರ್ಖಾನೆ ಅದೇ ವರ್ಷದ್ದು. ನಾಲೆಯ ನೀರು ಬಂದ ಮೇಲೆ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕ, ಕೆನಡಾದ ಲೆಸ್ಲಿ ಕೋಲ್ಮನ್ ಮುಂದೆ ನಿಂತು ಕಟ್ಟಿಸಿದ ನಮ್ಮ ಮೈಷುಗರ್ 1933ರದು. ಎಂಟು ವರ್ಷ ಕಿರಿಯ. ಮಂಡ್ಯದ್ದು ಕೆಲವು ವರ್ಷ ಉಸಿರು ನಿಲ್ಲಿಸಿ 2022ರಲ್ಲಿ ಮತ್ತೆ ಕಣ್ಣು ಬಿಟ್ಟಿತು. ಇಲ್ಲಿಯ ಹಬೆ ಮಾತ್ರ ಪ್ರತಿ ಸೆಪ್ಟೆಂಬರಿಗೂ ತಪ್ಪದೆ ಏಳುತ್ತದೆ. ಆ ಹಬೆಯನ್ನು ನೋಡಿದಾಗಲೆಲ್ಲ ಅಪ್ಪ ಏನೋ ಹೇಳಲು ಹೊರಟು ಸುಮ್ಮನಾಗುತ್ತಿದ್ದರು.

ಸಕ್ಕರೆಯ ಇನ್ನೊಂದು ಕತೆಯೂ ಈ ಊರಿನಲ್ಲಿದೆ. ಅದನ್ನು ಅಪ್ಪನಿಗೆ ಹೇಳಿದ್ದು ಸೇಂಟ್ ಮೇರೀಸ್ ಸ್ಕ್ವೇರ್‌ನ ಒಂದು ಮನೆಯ ಮುಂದೆ ನಿಂತು. ಗುಲಾಮರ ವ್ಯಾಪಾರದ ವಿರುದ್ಧ ಜೀವಮಾನವೆಲ್ಲ ಹೋರಾಡಿದ ಥಾಮಸ್ ಕ್ಲಾರ್ಕ್‌ಸನ್ 1806ರಿಂದ 1816ರವರೆಗೆ ಈ ಊರಿನಲ್ಲಿ ವಾಸವಿದ್ದ. ಅವನ ಹೆಂಡತಿಯ ತವರು ಇದೇ. 1791ರಲ್ಲಿ ಗುಲಾಮರು ಬೆಳೆದ ಸಕ್ಕರೆಯನ್ನು ಮುಟ್ಟುವುದಿಲ್ಲವೆಂದು ಸುಮಾರು ಮೂರು ಲಕ್ಷ ಜನ ಬಿಟ್ಟರೆಂದು ಅವನು ಅಂದಾಜು ಮಾಡಿದ್ದ. ಮುಂದೆ ಕೆಲವರು ಟೀ ಬಟ್ಟಲ ಪಕ್ಕ ಇಡುವ ಸಕ್ಕರೆ ಪಾತ್ರೆಯ ಮೇಲೆ, ಇದು ಗುಲಾಮರು ಮಾಡಿದ್ದಲ್ಲ, ಈಸ್ಟ್ ಇಂಡಿಯಾದ ಸಕ್ಕರೆ ಎಂದು ಬರೆಸಿಕೊಂಡರು. ನಮ್ಮ ಕಡೆಯ ಸಕ್ಕರೆ ಒಂದು ಕಾಲಕ್ಕೆ ಇವರ ಆತ್ಮಸಾಕ್ಷಿಗೆ ಮದ್ದಾಗಿತ್ತು! ಕಂಪನಿಯ ಆಳ್ವಿಕೆಯಲ್ಲಿ ಅದನ್ನು ಬೆಳೆದ ರೈತನ ಪಾಡು ಆ ಪಾತ್ರೆಯ ಮೇಲೆ ಬರೆದಿರಲಿಲ್ಲ. ಅಪ್ಪ ಎಲ್ಲವನ್ನೂ ಕೇಳಿ, "ಬೆಳೆದವನನ್ನು ಯಾರು ಕೇಳುತ್ತಾರಮ್ಮ" ಎಂದು ಕೋಟಿನ ಗುಂಡಿ ಹಾಕಿಕೊಂಡರು. ಬೆಳೆಗಾರ ಸಂಘದ ಸಭೆಗಳಲ್ಲಿ ಅವರು ಹೇಳುತ್ತಿದ್ದದ್ದೂ ಅದೇ ಮಾತು, ಅದೇ ಧ್ವನಿ.

ಡಿಸೆಂಬರಿನಲ್ಲಿ ಹೊರಡುವ ಮುಂಚೆ ಸೂಟ್‌ಕೇಸಿನ ತಳದಿಂದ ಅವ್ವ ಕಳಿಸಿದ್ದ ಗಂಟನ್ನು ತೆಗೆದುಕೊಟ್ಟರು. ಮರದ ಸಕ್ಕರೆ ಅಚ್ಚುಗಳು: ಬಸವ, ಆನೆ, ಗಿಳಿ, ತುಳಸಿ ಬೃಂದಾವನ. ಸಂಕ್ರಾಂತಿಗೆ ಮಾಡಿಕೋ ಎಂದಿದ್ದಳಂತೆ. ಇಲ್ಲಿಯ ಅಂಗಡಿಯ ಸಕ್ಕರೆ ಪೊಟ್ಟಣವನ್ನು ತಿರುಗಿಸಿ ನೋಡಿ ಅಪ್ಪ ತಲೆಯಾಡಿಸಿದರು. "ಬೀಟಿನದು. ಅಚ್ಚು ನಿಲ್ಲುವುದಿಲ್ಲ." ಎರಡೂ ಒಂದೇ ಸುಕ್ರೋಸ್, ಬಿಳಿಯ ಹರಳಾದ ಮೇಲೆ ನಾಲಿಗೆಗೂ ಪಾಕಕ್ಕೂ ವ್ಯತ್ಯಾಸ ತಿಳಿಯದು ಎಂದು ನಾನು ವಾದಿಸಿದೆ. "ನೋಡೋಣ" ಎಂದರು. ನಮ್ಮ ಮನೆಯಲ್ಲಿ "ನೋಡೋಣ" ಎಂದರೆ ಪಂದ್ಯ.

ಜನವರಿಯಲ್ಲಿ ಗಾಳಿ ನಮ್ಮ ಕಡೆಗೇ ಇತ್ತು. ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ದಾರ ಬಿಗಿದು, ಪಾಕ ಇಟ್ಟೆ. ಮೊದಲ ಸಲ ಹದ ತಪ್ಪಿ ಅಚ್ಚಿನೊಳಗೇ ಅಂಟಿಕೊಂಡಿತು. ಕುದಿನೀರು ಹೊಯ್ದು ಬಿಡಿಸಬೇಕಾಯಿತು. ಎರಡನೆಯ ಸಲ ಬಂತು. ಎಳ್ಳು, ಕಡಲೆಕಾಯಿ, ಕೊಬ್ಬರಿ, ಕೇಂಬ್ರಿಜ್‌ನಿಂದ ತಂದ ಬೆಲ್ಲ ಎಲ್ಲ ಸೇರಿಸಿ, ಕಬ್ಬಿನ ತುಂಡಿಲ್ಲದ ಎಳ್ಳುಬೀರಿಗೆ ಹೊರಟೆ. ಪಕ್ಕದ ಮನೆಯಾಕೆಗೆ ಆನೆಯನ್ನು ಕೊಟ್ಟೆ. ಇದು ನಿಮ್ಮ ಕಾರ್ಖಾನೆಯದೇ ಸಕ್ಕರೆ ಎಂದೆ. ಆಕೆ ಅದನ್ನು ತಿನ್ನಲಿಲ್ಲ. ಮುಂಬಾಗಿಲ ಕಿಟಕಿಯ ಕಟ್ಟೆಯ ಮೇಲೆ, ಪತಿಯ ಫೋಟೋದ ಪಕ್ಕ ನಿಲ್ಲಿಸಿದರು. ಬೇಲಿ ಇಲ್ಲದ ಬಡಾವಣೆಯಾದ್ದರಿಂದ ನಮ್ಮ ಅಡುಗೆಮನೆಯಿಂದಲೇ ಅದು ಕಾಣುತ್ತದೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಹಬ್ಬದ ವಿಷಯ, ಅವ್ವನ ಮಂಡಿನೋವಿನ ವಿಷಯ ಮುಗಿಯುವವರೆಗೂ ತಡೆದುಕೊಂಡಿದ್ದರು.

"ನಿಂತಿತೇ?"

"ನಿಂತಿತು ಅಪ್ಪ. ಬಸವನ ಒಂದು ಕೊಂಬು ಮಾತ್ರ ಮುರಿಯಿತು."

"ಹೂಂ," ಎಂದರು, "ಅದು ಬೀಟಿನ ದೋಷ."